ಋಣಾವೇಶ ಅಂದರೆ ಯಾರ ಋಣ

ಕರೆಂಟು ಹೋಗಿದ್ದ ಒಂದು ಸಂಜೆ ನನ್ನ ಕೈಯಿಂದ ನಮ್ಮ ಆಯಿಯ ಕೈಗೆ ಕಿಡಿ ಹಾರಿತು. ಆಯಿ ಅಂದರೆ ನಮ್ಮ ಕಡೆ ಅಜ್ಜಿ, ನನ್ನ ಅಪ್ಪನ ಹಡೆದವ್ವ. ಸಂಕ್ರಾಂತಿ ಮುಗಿದು ಒಣಗಾಳಿ ಬಿಟ್ಟಿತ್ತು. ತುಟಿ ಒಡೆಯುವ, ಹಿಮ್ಮಡಿ ಸೀಳುವ, ಬಾಚಿದ ಕೂದಲು ಬಾಚಣಿಕೆಯ ಬೆನ್ನು ಹತ್ತಿ ಎದ್ದು ಬರುವ ದಿನಗಳು ಅವು. ಹಿಮ್ಮಡಿ ಉರಿಯುತ್ತದೆಂದು ನಾನು ಮನೆಯೊಳಗೂ ಹವಾಯಿ ಚಪ್ಪಲಿ ಮೆಟ್ಟಿ, ಹೊಸ ನೈಲಾನ್ ರಗ್ಗು ಹೊದ್ದು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಂತು ಓದುತ್ತಿದ್ದೆ. ಆಯಿ ನೀರು ಕೇಳಿದಳು. ರಗ್ಗು ಕಿತ್ತೊಗೆದು ಎದ್ದು ತಂಬಿಗೆ ತುಂಬಿ ಕೊಡಲು ಹೋದೆ. ಚಟ್ ಅಂತು. ಕತ್ತಲಲ್ಲಿ ನೀಲಿಯದೊಂದು ಎಳೆ ಮಿಂಚಿ ಹೋಯಿತು. ತಂಬಿಗೆ ಬಿದ್ದು ನೀರೆಲ್ಲ ನೆಲದ ಪಾಲು.

"ಯವ್ವಾ! ಏನದು?" ಅಂದಳು ಆಯಿ.

"ಏನಿಲ್ಲ ಆಯಿ, ಅಂಜಬ್ಯಾಡ. ನನ್ನ ಮೈಯಾಗ ಆವೇಶ ಐತಿ, ಅಷ್ಟ."

ಈ ಒಂದು ಮಾತು ನನ್ನ ಕೊರಳಿಗೆ ಉರುಳಾಯಿತು.

ನಾನು ಆಗ ಸವದತ್ತಿಯ ಕಾಲೇಜಿನಲ್ಲಿ ಪಿಯುಸಿ ಎರಡನೇ ವರ್ಷದ ಸೈನ್ಸು. ಹತ್ತನೆಯವರೆಗೆ ಕನ್ನಡದಲ್ಲಿ ಕಲಿತವಳು. ಪಿಯುಸಿಗೆ ಬಂದಕೂಡಲೇ ಭೌತಶಾಸ್ತ್ರ ಇಂಗ್ಲಿಷಿನಲ್ಲಿ ಮಾತಾಡತೊಡಗಿ, ಸಾಲು ಬಾಯಿಪಾಠವಾದರೂ ಅರ್ಥ ಒಳಗೆ ಇಳಿಯುತ್ತಿರಲಿಲ್ಲ. ಎಲ್ಲಿಂದಲೋ ಕನ್ನಡದ ಒಂದು ಹಳೆಯ ಭೌತಶಾಸ್ತ್ರ ಪುಸ್ತಕ ಸಂಪಾದಿಸಿದ್ದೆ. ಇಂಗ್ಲಿಷಿನವರು ಚಾರ್ಜ್ ಅನ್ನುವುದಕ್ಕೆ ಅದರಲ್ಲಿ ಆವೇಶ ಎಂದು ಹೆಸರು. ಅದು ಎರಡು ಬಗೆ: ಧನಾವೇಶ, ಋಣಾವೇಶ. ಒಂದೇ ಬಗೆಯವು ದೂಡುತ್ತವೆ, ಬೇರೆ ಬಗೆಯವು ಸೆಳೆಯುತ್ತವೆ. ಇದನ್ನೆಲ್ಲ ಓದಿದ್ದು ಬಾಯಿಗೆ ಬಂದಿದೆಯೋ ಇಲ್ಲವೋ ನೋಡಲು ಆಯಿಗೇ ಒಪ್ಪಿಸುತ್ತಿದ್ದೆ. ಆಯಿಗೆ ಓದಲು ಬರದು. ಆದರೆ ಮಠದಲ್ಲಿ ಪುರಾಣ ಕೇಳಿ ಕೇಳಿ ಅವಳ ಕಿವಿ ಹದವಾಗಿತ್ತು. ನನಗೆ ಮಾತು ಕಲಿಸಿದವಳೇ ಅವಳು. ದೊಡ್ಡ ಶಬ್ದ ಕಿವಿಗೆ ಬಿದ್ದರೆ ಬೆಲ್ಲದ ಹೆಂಟೆ ಸಿಕ್ಕಂತೆ ಬಾಯಲ್ಲಿಟ್ಟು ಚೀಪುವ ಚಟ ಅವಳಿಂದಲೇ ನನಗೆ ಬಂದದ್ದು.

ಆಯಿಗೆ ಗೊತ್ತಿದ್ದ ಆವೇಶ ಒಂದೇ. ಮೈಮೇಲೆ ಸವದತ್ತಿ ಗುಡ್ಡದ ದೇವಿ ಎಲ್ಲವ್ವ ಬರುವುದು.

ಕತ್ತಲಲ್ಲಿ ಮೆತ್ತಗೆ ಕೇಳಿದಳು: "ಯಾವ ಆವೇಶರಿ?"

ಆ 'ರಿ' ನನಗೆ ಮೊದಲು ಕೇಳಿಸಲೇ ಇಲ್ಲ. ಪಾಠದ ಹುರುಪಿನಲ್ಲಿ, "ಋಣಾವೇಶ ಆಯಿ. ರಗ್ಗಿನ ಗೂಡ ಮೈ ತಿಕ್ಕತಲ್ಲ, ಅದಕ್ಕ ಕೂಡೇತಿ" ಅಂದೆ. ಖರೇ ಹೇಳಬೇಕೆಂದರೆ ಅದು ಋಣವೋ ಧನವೋ ನನಗೂ ಪಕ್ಕಾ ಇರಲಿಲ್ಲ.

"ಋಣ..." ಅಂದಳು ಆಯಿ. ಎರಡೂ ಕೈಯಿಂದ ಗಲ್ಲ ಬಡಿದುಕೊಂಡಳು. "ಯಾರ ಋಣ ಉಳಿದೈತೋ ಯವ್ವಾ. ಯಾವ ಹರಕಿ ಮರತೇವೋ. ಕುಂದರ್ರಿ, ನೀವು ಕುಂದರ್ರಿ. ನೀರು ನಾನ ತುಗೋತೇನಿ."

ನನಗೆ ನಗು ಬಂತು. ಆಯಿ ಚೇಷ್ಟೆ ಮಾಡುತ್ತಿದ್ದಾಳೆಂದುಕೊಂಡೆ. ಅಷ್ಟರಲ್ಲಿ ಕರೆಂಟು ಬಂತು. ಬೆಳಕಿನಲ್ಲಿ ನೋಡಿದರೆ ಆಯಿ ನನ್ನ ಕಾಲ ಬಳಿ ನೆಲಕ್ಕೆ ಹಣೆ ಹಚ್ಚಿದ್ದಳು.

ಇದು ನಗುವ ಮಾತಲ್ಲ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗಿಂತ ನನಗೇ ಚೆನ್ನಾಗಿ ಗೊತ್ತಿರಬೇಕಿತ್ತು. ಅಪ್ಪನ ಅಕ್ಕ, ನನ್ನ ದೊಡ್ಡತ್ತಿ, ರಾಮದುರ್ಗದ ಹತ್ತಿರದ ಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ. ಸಣ್ಣವಳಿದ್ದಾಗಲೇ ಅವಳ ಮೈಮೇಲೆ ದೇವಿ ಬಂದಳಂತೆ. ಅಂದಿನಿಂದ ಸಾಲಿ ಇಲ್ಲ, ಮದುವೆ ಇಲ್ಲ, ಬೇಕೆಂದಾಗ ಬೇಕಾದಲ್ಲಿ ಹೋಗುವುದಿಲ್ಲ. ಮಂಗಳವಾರ, ಶುಕ್ರವಾರ ಗದ್ದುಗೆಯ ಮುಂದೆ ಕುಂತು, ಬಂದವರ ಆಕಳು ಕಳೆದದ್ದು, ಮಗ ಕುಡಿಯುವುದು, ಬಸಿರು ನಿಲ್ಲದಿರುವುದು ಎಲ್ಲಕ್ಕೂ ಉತ್ತರ ಹೇಳಬೇಕು. ಹಡೆದ ತಾಯಿ ಆಯಿಯೂ ಅವಳಿಗೆ "ಬರ್ರಿ, ಉಣ್ರಿ" ಅನ್ನುತ್ತಿದ್ದಳು. ದೊಡ್ಡತ್ತಿ ನಮ್ಮ ಮನೆಗೆ ಬಂದರೆ ಚಾಪೆ ಅವಳದೇ ಬೇರೆ, ತಾಟು ಬೇರೆ. ಯಾರೂ ಅವಳ ಜೋಡಿ ಜಗಳಾಡುತ್ತಿರಲಿಲ್ಲ, ಯಾರೂ ಅವಳ ಜೋಡಿ ನಗುತ್ತಲೂ ಇರಲಿಲ್ಲ. ಆಯಿಯ ಬಾಯಿಂದ 'ರಿ' ಕೇಳಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಬೇರೆ ತಾಟು.

ಮರುದಿನ ಮುಂಜಾನೆ ಅಪ್ಪ ಮೊದಲು ನಕ್ಕ. "ಆಯಿಗೆ ವಯಸ್ಸಾತು, ಕಣ್ಣು ಮಸುಕು" ಅಂದ. ಅವನ ನಗು ಇರುವಾಗಲೇ ಕೆಲಸ ಮುಗಿಸಬೇಕೆಂದು ನಾನು ಪ್ಲಾಸ್ಟಿಕ್ ಪಟ್ಟಿ ತಂದು, ತಲೆಗೆ ತಿಕ್ಕಿ, ಹರಿದ ಕಾಗದದ ಚೂರುಗಳ ಮೇಲೆ ಹಿಡಿದೆ. ಚೂರುಗಳು ಟಣ್ಣನೆ ಜಿಗಿದು ಪಟ್ಟಿಗೆ ಅಂಟಿದವು. "ನೋಡ್ರಿ, ಇದಷ್ಟ. ಇದು ಯಾರ ಕೈಯಾಗರ ಆಗತೇತಿ."

"ಕಾಗದಕ್ಕ ಸುದ್ದಾ ಜೀವ ಬಂತು" ಅಂದಳು ಆಯಿ.

"ನೀನೂ ಮಾಡಿ ನೋಡ ಆಯಿ" ಎಂದು ಪಟ್ಟಿ ಕೊಟ್ಟೆ. ಆಯಿಯ ತಲೆಯಲ್ಲಿ ಅರ್ಧ ಬಟ್ಟಲು ಕೊಬ್ಬರಿ ಎಣ್ಣೆ ಇತ್ತು. ಎಷ್ಟು ತಿಕ್ಕಿದರೂ ಒಂದು ಚೂರೂ ಅಲುಗಲಿಲ್ಲ. ಆಯಿ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರಸಾದ ಮರಳಿಸಿದಂತೆ ನನಗೆ ಕೊಟ್ಟಳು.

ಹಟಕ್ಕೆ ಬಿದ್ದು ರಗ್ಗು ಹೊದ್ದು, ಕುರ್ಚಿಯಲ್ಲಿ ಮೈ ತಿಕ್ಕಿ, "ಅಪ್ಪಾ, ಇಲ್ಲಿ ಬೆರಳ ಚಾಚು" ಅಂದೆ. ಚಟ್. ಅಪ್ಪ ಕೈ ಹಿಂದಕ್ಕೆಳೆದುಕೊಂಡ. ಅವನ ಮುಂಗೈ ಮೇಲಿನ ಕೂದಲು ನೆಟ್ಟಗೆ ನಿಂತಿತ್ತು. ನನ್ನ ತಲೆಯ ಕೂದಲೂ ಎದ್ದಿತ್ತಂತೆ; ಅದು ನನಗೆ ಕಾಣುವಂತಿರಲಿಲ್ಲ. ಅಪ್ಪನ ಮುಖದಲ್ಲಿದ್ದ ನಗು ಅಲ್ಲಿಗೇ ಮುಗಿಯಿತು.

ಆ ದಿನ ನನ್ನನ್ನು ಕಾಲೇಜಿಗೆ ಕಳಿಸಲಿಲ್ಲ. ಮುಂದಿನ ಬುಧವಾರ ಭೌತಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆ ಇತ್ತು. ಅದು ತಪ್ಪಿದರೆ ವರ್ಷ ಹೋದಂತೆಯೇ. ನಮ್ಮ ಮನೆಯಲ್ಲಿ ಹುಡುಗಿಯರಿಗೆ ಇನ್ನೊಂದು ವರ್ಷ ಎಂಬುದು ಇರಲಿಲ್ಲ.

ಅವ್ವ ಕಿತ್ತೂರಿನ ಕಡೆಯವಳು. ತವರಿನಲ್ಲಿ ಯಾರ ಮೈಮೇಲೂ ಯಾರೂ ಬಂದವರಲ್ಲ. "ಪರೀಕ್ಷಾ ಒಂದ ಮುಗೀಲಿ, ಆಮ್ಯಾಲ ನೋಡೂಣು" ಅಂದಳು.

"ದೇವಿಗಿ ತಾರೀಖ ಕೊಡತೀ ಏನ?" ಅಂದಳು ಆಯಿ. ಅವ್ವ ರಗ್ಗನ್ನು ಮಡಚಿ ಹೊತ್ತುಕೊಂಡು ಹೋಗಿ ಕಡಲೆ ಹೊಟ್ಟಿನ ಕೋಣೆಯಲ್ಲಿ ಒಗೆದು ಬಂದಳು.

ನಾನೂ ಚಪ್ಪಲಿ ಬಿಟ್ಟೆ. ನೂಲಿನ ಬಟ್ಟೆ ತೊಟ್ಟೆ, ತಲೆಗೆ ಎಣ್ಣೆ ಬಡಿದುಕೊಂಡೆ, ಕುರ್ಚಿ ಬಿಟ್ಟು ನೆಲಕ್ಕೆ ಕುಂತೆ. ಕೂಡಿದ ಆವೇಶ ಬರಿಗಾಲಿನಿಂದ ಭೂಮಿಗೆ ಇಳಿದು ಹೋಗುತ್ತದೆ ಎಂದು ಪುಸ್ತಕದಲ್ಲಿತ್ತು. ಹಾಗೆಯೇ ಆಯಿತು. ಎರಡು ದಿನ ಒಂದು ಕಿಡಿಯೂ ಇಲ್ಲ. ಗೆದ್ದೆ ಎಂದು ಆಯಿಯ ಮುಂದೆ ಕೈ ಚಾಚಿದೆ. "ಮುಟ್ಟ ನೋಡೂಣು. ಏನೈತಿ ಈಗ?"

ಆಯಿ ಮುಟ್ಟಿ ನೋಡಿದಳು. ತಲೆ ಅಲ್ಲಾಡಿಸಿದಳು. "ಒಳಗ ಇಳದು ಕುಂತಾಳ."

ಕಿಡಿ ಹಾರಿದರೆ ದೇವಿ ಬಂದಳು. ಹಾರದಿದ್ದರೆ ದೇವಿ ಒಳಗೆ ಕುಂತಳು. ಇಂಥ ವಾದದ ಮುಂದೆ ಯಾವ ಪ್ರಯೋಗ ನಿಂತೀತು? ಪುಸ್ತಕವನ್ನೇ ತಂದು ಓದಿ ಹೇಳುತ್ತೇನೆ ಎಂದು ಕುಂತೆ. "ಕೇಳ ಆಯಿ. ಆವೇಶದ ಸುತ್ತ ಒಂದು ಕ್ಷೇತ್ರ ಇರತೇತಿ. ಅಲ್ಲಿ ಬಂದವರಿಗೆ ಅದರ ಸೆಳೆತ ತಟ್ಟತೇತಿ."

"ತಟ್ಟದ ಏನ? ಅದಕ್ಕ ಕ್ಷೇತ್ರ ಅನ್ನೂದು. ನಾಡೆಲ್ಲ ಗುಡ್ಡಕ್ಕ ಬರತೇತಲ್ಲ, ಸುಮ್ನ ಬರತೇತೇನು?"

"ಆ ಕ್ಷೇತ್ರ ಅಲ್ಲ ಆಯಿ! ಇಲ್ಲಿ ಕೇಳ, ವಿಭವ ಅಂತ ಐತಿ..."

"ವೈಭವ."

"ವಿಭವ! ಧನಾವೇಶ ಒಂದನ್ನ ಅನಂತದಿಂದ ಒಂದು ಬಿಂದುವಿಗೆ ತರಾಕ ಎಷ್ಟು ಕೆಲಸ ಮಾಡಬೇಕೋ, ಅದು ಆ ಬಿಂದುವಿನ ವಿಭವ."

ಆಯಿಯ ಕಣ್ಣಲ್ಲಿ ನೀರು ಬಂದಿತ್ತು. "ಅನಂತದಿಂದ ಒಂದು ಬಿಂದುವಿಗೆ ತರೂದಂದ್ರ ಸಣ್ಣ ಕೆಲಸ ಏನ್ರಿ? ಯಾವ ಶರಣರು ಬರದಾರರಿ ಈ ಪುಸ್ತಕ?"

ನಾನು ಪುಸ್ತಕ ಮುಚ್ಚಿದೆ. ಅವತ್ತು ಅತ್ತಷ್ಟು ನಾನು ಮತ್ತೆ ಯಾವತ್ತೂ ಅತ್ತಿಲ್ಲ. ಹೇಳುವ ಪ್ರತಿ ಮಾತೂ ಅವಳ ಕಡೆಯೇ ಸಾಕ್ಷಿ ನುಡಿಯುತ್ತಿತ್ತು. ಆ ಮಾತುಗಳೆಲ್ಲ ಮೊದಲು ಅವಳವೇ ಆಗಿದ್ದವಲ್ಲ. ಭೌತಶಾಸ್ತ್ರ ಅವನ್ನು ಅವಳ ಮನೆಯಿಂದ ಒಯ್ದದ್ದು.

ಕಡೆಯ ದಾರಿ ಎಂದು ಅವ್ವನ ಫೋನಿನಿಂದ ಕಾಲೇಜಿನ ಸರ್‌ಗೆ ಹಚ್ಚಿ, ಅಪ್ಪನಿಗೆ ಕೊಟ್ಟೆ. ಸರ್ ಒಳ್ಳೆಯವರು. ತಾಳ್ಮೆಯಿಂದ ಹೇಳಿದರು: "ಗಾಬರಿ ಆಗಬ್ಯಾಡ್ರಿ. ನಿಮ್ಮ ಮಗಳ ಮೈ ಚಾರ್ಜ್ ಆಗೇತಿ ಅಷ್ಟ. ಎಲ್ಲಾರ ಮೈಯಾಗೂ ಆವೇಶ ಇದ್ದ ಇರತೇತ್ರಿ."

"ಎಲ್ಲಾರ ಮೈಯಾಗೂ ದೇವರು ಇರತಾನ ಖರೇರಿ ಸರ" ಅಂದ ಅಪ್ಪ. "ಎಲ್ಲಾರ ಕೈಯಾಗಿಂದ ಕಿಡಿ ಹಾರತೇತೇನ್ರಿ?" ಎಂದು ಫೋನು ಇಟ್ಟ. ನನ್ನ ಕಡೆ ತಿರುಗಿ, "ನಿಮ್ಮ ಸರ ಸುದ್ದಾ ಒಪ್ಪಿದ್ರು" ಅಂದ. ಸಿಟ್ಟಿನಿಂದಲ್ಲ. ಸೋತವರ ದನಿಯಲ್ಲಿ ಅಂದ. ಅವನಿಗೂ ಮಗಳು ಮಗಳಾಗಿಯೇ ಇರಲಿ ಎಂಬ ಆಸೆ ಇತ್ತೆಂದು ನನಗೆ ಆಗ ಹೊಳೆಯಿತು. ಅದರಿಂದ ನನ್ನ ಸಂಕಟ ಹೆಚ್ಚೇ ಆಯಿತು.

ಸುದ್ದಿ ಓಣಿಗೆ ಹಬ್ಬಿತು. ಟೆಂಪೋ ಹೊಡೆಯುವ ನೆರೆಮನೆಯ ಚಾಚಾ ಕಟ್ಟೆಯ ಮೇಲಿಂದ ಕೂಗಿದರು: "ಅಣ್ಣಾರ, ನನ್ನ ಗಾಡಿ ಬ್ಯಾಟರಿ ಇಳದೈತ್ರಿ. ಮಗಳನ್ನ ಒಂದ ಚೂರು ಕಳಸ್ರಿ, ಬೆರಳ ಮುಟ್ಟಿಸಿ ಹೋಗ್ಲಿ!" ಅಪ್ಪ ನಗಲಿಲ್ಲ. ಚಾಚಾ ಕಟ್ಟೆ ಇಳಿದು ಬಂದು, ದನಿ ತಗ್ಗಿಸಿ, "ಚಾಷ್ಟಿ ಮಾಡಿದೆ, ತಪ್ಪ ತಿಳೀಬ್ಯಾಡ್ರಿ. ಪೋರಿ ಶಾಣೇಕಿ ಅದಾಳ, ಪರೀಕ್ಷಾ ತಪ್ಪಸಬ್ಯಾಡ್ರಿ" ಅಂದರು. ಅಷ್ಟರಲ್ಲೇ ಎರಡು ಮನೆ ಆಚೆಯ ಹೆಂಗಸೊಬ್ಬಳು ಎಲೆ ಅಡಿಕೆ, ತೆಂಗಿನಕಾಯಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೊಸೆಗೆ ಮಕ್ಕಳಾಗಿರಲಿಲ್ಲ. "ಒಂದು ಮಾತು ಕೇಳಿ ಹೇಳ್ರಿ ತಾಯಿ" ಎಂದು ಕೈಮುಗಿದಳು. ನನಗೆ ಆಗ ಹದಿನೇಳು. ಅವಳ ಮಗಳ ಜೋಡಿ ನಾನು ಕುಂಟಾಟ ಆಡಿದ್ದೆ.

ದೊಡ್ಡತ್ತಿಗೆ ಹೇಳಿಕಳಿಸಿದರು. ಬಂದದ್ದು ದೇವಿ ಹೌದೋ ಅಲ್ಲವೋ ಅವಳೇ ಹೇಳಬೇಕು, ಅವಳು ಹೇಳಿದರೆ ಮುಗಿಯಿತು. ಮಂಗಳವಾರದ ಗದ್ದುಗೆ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ಬಂದಳು. ಬುಧವಾರ ಮುಂಜಾನೆ ನನ್ನ ಪ್ರಾಕ್ಟಿಕಲ್.

ಪಡಸಾಲೆಯನ್ನು ಸಾರಿಸಿದ್ದರು. ನನಗೆ ತಲೆಯ ಮೇಲೆ ನೀರು ಸುರಿಯುವುದು, ಒದ್ದೆ ಸೀರೆಯಲ್ಲೇ ಸಾರಿಸಿದ ನೆಲದ ಮೇಲೆ ಕುಂಡ್ರಿಸುವುದು, ಅಪ್ಪ ಕೈಮುಗಿದು ಕೇಳುವುದು, ಮೈಯೊಳಗೆ ಬಂದವರು ನನ್ನ ಬಾಯಿಂದ ಹೇಳುವುದು. ಇದು ಕ್ರಮ. ನೀರು ಸುರಿಯಲು ದೊಡ್ಡತ್ತಿ ನನ್ನನ್ನು ಬಚ್ಚಲಿಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

ನಾನು ಆಗಲೇ ಒಂದು ಹೂಟ ಹೂಡಿದ್ದೆ. ಭೌತಶಾಸ್ತ್ರ ಕೈಬಿಟ್ಟಿತ್ತು. ಇನ್ನು ದೇವಿಯೇ ಗತಿ. ಅಪ್ಪ ಕೇಳಿದಾಗ ಮೈ ನಡುಗಿಸಿ, ದನಿ ದಪ್ಪ ಮಾಡಿ, "ಈ ಹುಡುಗಿನ್ನ ನಾಳಿ ಪರೀಕ್ಷಾಕ ಕಳಸ್ರಿ" ಎಂದು ಅಪ್ಪಣೆ ಕೊಟ್ಟುಬಿಡುವುದು. ಯಾರಿಗೆ ಎದೆಗಾರಿಕೆ ಇದೆ, ಇಲ್ಲ ಅನ್ನಲು?

ದೊಡ್ಡತ್ತಿ ಮೊದಲ ಚರಿಗೆ ನೀರು ಸುರಿದಳು. ನನ್ನ ಮುಖವನ್ನೇ ನೋಡಿದಳು. "ಏನ ಹೇಳಬೇಕಂತ ಮಾಡಿ?" ಅಂದಳು. 'ಮಾಡೀರಿ' ಅನ್ನಲಿಲ್ಲ. ಎಷ್ಟೋ ದಿನಗಳ ಮೇಲೆ ಒಬ್ಬರು ನನ್ನನ್ನು 'ನೀನು' ಅಂದಿದ್ದರು. ನಾನು ಎಲ್ಲ ಹೇಳಿಬಿಟ್ಟೆ.

ಅವಳು ಚರಿಗೆಯನ್ನು ಹಂಡೆಯ ಮೇಲಿಟ್ಟಳು.

"ನಾನೂ ಹಿಂಗ ಒಂದ ಮಾತಿಗಿ ಬಾಯಿ ತಗದಿದ್ದೆ. ನಂಗ ಎರಡನೇ ಸಂಬಂಧದಾಂವಗ ಕೊಡಾಕ ನಿಂತಿದ್ರು. ಅಂವಗ ನನಗಿಂತ ದೊಡ್ಡ ಮಗಳಿದ್ಳು. ಯಾರ ಮುಂದ ಅಳಬೇಕ? ನಡಗಿದೆ. 'ಇಕಿ ನನ್ನಾಕಿ, ಯಾರಿಗೂ ಕೊಡಬ್ಯಾಡ್ರಿ' ಅಂದೆ. ಆ ಮದಿವಿ ನಿಂತಿತು." ಇನ್ನೊಂದು ಚರಿಗೆ ಸುರಿದಳು. "ಎಲ್ಲಾ ಮದಿವಿನೂ ನಿಂತು ಹೋತು. ಸಾಲಿನೂ ಹೋತು. ನೀ ಇವತ್ತ ಪರೀಕ್ಷಾಕ ಕಳಸ್ರಿ ಅಂತಿ. ಕಳಸತಾರ. ನಾಳಿ ಬಾಜೂ ಮನಿಯಾಕಿ ಬಂದು ಸೊಸಿ ಬಸರ ಯಾವಾಗ ಅಂತಾಳ. ಅದಕ್ಕ ಏನ ಹೇಳತಿ?"

ನಾನು ಚಳಿಗೆ ಹಲ್ಲು ಕಡಿಯುತ್ತಿದ್ದೆ. "ಮಾತಾಡದಿದ್ರ ಕಳಸೂದಿಲ್ಲಲ್ಲ ಅತ್ತಿ. ಏನ ಮಾಡ್ಲಿ?"

"ನಂಗೇನ ಗೊತ್ತ?" ಅಂದಳು. "ನಾ ಮಾತಾಡಿ ಕೆಟ್ಟಾಕಿ. ಸುಮ್ನಿದ್ರ ಏನಾಗತೇತಿ ನಾ ನೋಡಿಲ್ಲ."

ಪಡಸಾಲೆಯ ತುಂಬ ಜನ. ಕುಂತೆ. ನೀರು ಸೋರುತ್ತಿತ್ತು. ಆಯಿ ಬೆರಳು ಚಾಚಿ ನನ್ನ ಮುಂಗೈ ಮುಟ್ಟಿದಳು, ಏನೂ ಇಲ್ಲ. ಒದ್ದೆ ಸೀರೆ, ಒದ್ದೆ ನೆಲ, ಬರಿಗಾಲು. ನನಗೂ ಭೂಮಿಗೂ ನಡುವೆ ಯಾವ ವಿಭವಾಂತರವೂ ಉಳಿದಿರಲಿಲ್ಲ; ನಾನೂ ನೆಲವೂ ಒಂದೇ ಮಟ್ಟ. ಇಷ್ಟು ಸರಿಯಾಗಿ ಆ ಪಾಠ ನನಗೆ ಯಾವತ್ತೂ ತಿಳಿದಿರಲಿಲ್ಲ, ಮತ್ತು ಇಷ್ಟು ಉಪಯೋಗಕ್ಕೆ ಬಾರದ ತಿಳಿವಳಿಕೆಯೂ ಇನ್ನೊಂದಿರಲಿಲ್ಲ.

"ಯಾರಿದ್ದೀರಿ?" ಅಪ್ಪ ಕೇಳಿದ. "ಏನ ಬೇಕ ಹೇಳ್ರಿ. ತಪ್ಪಾಗಿದ್ರ ನಡಸಿ ಕೊಡತೇವಿ."

ಹೂಡಿದ ಮಾತು ನಾಲಿಗೆಯ ತುದಿಯಲ್ಲಿತ್ತು. ಒಂದು ಸಲ ಮೈ ಕುಲುಕಿದರೆ ಸಾಕಿತ್ತು. ಚಳಿಗೆ ಮೈ ತಾನೇ ನಡುಗತೊಡಗಿತು. ಒಬ್ಬರಾಗಲೇ ಎಲ್ಲವ್ವನಿಗೆ "ಉಧೋ" ಅಂದರು. ನಾನು ಎರಡೂ ಮೊಣಕಾಲುಗಳನ್ನು ತೋಳಿನಿಂದ ತಬ್ಬಿ, ನಡುಕ ನಿಲ್ಲಲಿ ಎಂದು ಉಗುರು ಊರಿದೆ. ಅಪ್ಪ ಮತ್ತೆ ಕೇಳಿದ. ಮತ್ತೆ ಕೇಳಿದ.

"ಅಪ್ಪಾ" ಅಂದೆ. ನನ್ನ ದನಿ ಸೀಳಿ ಹೋಗಿತ್ತು. "ನಾ ಅದೇನಿ. ನಿನ್ನ ಮಗಳು. ಥಂಡಿ ಆಗಾಕತ್ತೇತಿ. ನಾಳಿ ನಂದು ಪ್ರಾಕ್ಟಿಕಲ್ ಐತಿ."

ಅಪ್ಪ ದೊಡ್ಡತ್ತಿಯ ಕಡೆ ನೋಡಿದ. ಆಡಿದ್ದು ಯಾರು ಎಂದು ಅವಳೇ ಹೇಳಬೇಕಿತ್ತು. ಅವಳು ಕಣ್ಣು ಮುಚ್ಚಿದಳು, ಹಣೆಗೆ ದೇವಿಯ ಅರಿಶಿನ ಭಂಡಾರ ಹಚ್ಚಿಕೊಂಡಳು. ಅವಳು ಏನು ಹೇಳುತ್ತಾಳೋ ನನಗೆ ಖರೇ ಗೊತ್ತಿರಲಿಲ್ಲ. ಅಷ್ಟು ವರ್ಷ ಒಬ್ಬಳೇ ಕುಂತವಳು, ಜೊತೆಗೆ ಒಬ್ಬರು ಸಿಗುವಾಗ ಯಾಕೆ ಬಿಟ್ಟಾಳು?

"ಏಳ ಕತ್ತೆ" ಅಂದಳು ಕಣ್ಣು ಮುಚ್ಚಿಕೊಂಡೇ. "ಒದ್ದಿ ಅರಬಿ ಬದಲ ಮಾಡ. ನೆಗಡಿ ಬಂದೀತು."

"ಕಿಡಿ?" ಅಂದಳು ಆಯಿ. "ನನ್ನ ಕಣ್ಣಾರೆ ನೋಡೇನ್ರಿ."

"ಕಿಡಿ ಕಿಡಿನ. ಎಲ್ಲವ್ವಗ ಮಾತಾಡಬೇಕಂದ್ರ ಕಿಡಿ ಯಾಕ ಬೇಕ? ಇಕಿ ಮ್ಯಾಲ ಯಾರೂ ಬಂದಿಲ್ಲ. ಸಾಲಿಗಿ ಕಳಸ್ರಿ."

ಅವ್ವ ಓಡಿಬಂದು ನನ್ನ ಮೇಲೆ ಒಣ ಟವೆಲ್ ಒಗೆದು, ತಲೆಗೆ ಒಂದು ಏಟು ಕೊಟ್ಟು, ತಿಕ್ಕತೊಡಗಿದಳು. ಆಯಿ ಒಪ್ಪಿದಳೆಂದು ಹೇಳಲಾರೆ. ಗೋಡೆಗೆ ಆತು, ಋಣ, ಋಣ ಎಂದು ಗುಣುಗುತ್ತಲೇ ಇದ್ದಳು.

ಬುಧವಾರ ಮೊದಲ ಬಸ್ಸಿಗೆ ನಾನೂ ದೊಡ್ಡತ್ತಿಯೂ ಕೂಡಿಯೇ ಹೊರಟೆವು. ನಾನು ಸವದತ್ತಿಗೆ, ಅವಳು ಅಲ್ಲಿಂದ ಮುಂದೆ ರಾಮದುರ್ಗದ ಬಸ್ಸಿಗೆ. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲೇ ಸರ್ಕೀಟು ಜೋಡಿಸುತ್ತಿದ್ದೆ. ಊರು ಹತ್ತಿರ ಬಂದಾಗ ಅವಳು ಕಿಟಕಿಯಿಂದ ಮುಖ ತಿರುಗಿಸದೇ ಕೇಳಿದಳು.

"ಮೊದಲ್ನೇ ಸಲ ಮಾತಾಡಿದ್ದು ನಾನ. ಅದು ಗೊತ್ತೈತಿ. ಆಮ್ಯಾಲಿಂದ ಎಷ್ಟೋ ಸಲ ನಾ ಮಾತಾಡಿರೂದಿಲ್ಲ. ಮುಗದ ಮ್ಯಾಲ ಜನ ಹೇಳತಾರ, ಹಿಂಗಂದ್ರಿ, ಹಂಗಂದ್ರಿ ಅಂತ. ನನಗ ನೆನಪ ಇರೂದಿಲ್ಲ. ಅದು ಯಾರು? ನಿಮ್ಮ ಪುಸ್ತಕದಾಗ ಅದಕ್ಕ ಏನರ ಬರದಾರೇನ?"

ಆ ಪುಸ್ತಕದ ಎಲ್ಲ ಪಾಠ ನನಗೆ ಬಾಯಿಗೆ ಬರುತ್ತಿತ್ತು. "ಇಲ್ಲತ್ತಿ" ಅಂದೆ.

"ನಾನೂ ನಿನ್ನೆ ಸುಮ್ನ ಕೇಳಿಸಿಕೊಂಡೆ, ನೀ ಅಪ್ಪಾ ಅಂದಿದ್ದು" ಅಂದಳು. "ನಂಗ ಅದು ಹೊಳೀಲೇ ಇಲ್ಲ ನೋಡ ಆವಾಗ. ನಾನೂ ನಮ್ಮಪ್ಪಗ ಹಂಗನ್ನಬೇಕಾಗಿತ್ತು." ಕಿಟಕಿಯಾಚೆ ಕೈ ಮಾಡಿ, "ಇಳಿ, ನಿನ್ನ ಕಾಲೇಜ ಬಂತು."

ಇಳಿದು ಕಿಟಕಿಯ ಕೆಳಗೆ ನಿಂತೆ. ಬಸ್ಸು ಇನ್ನೂ ಹೊರಟಿರಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಒಬ್ಬ ಹೆಂಗಸು ದೊಡ್ಡತ್ತಿಯ ಹಣೆಯ ಭಂಡಾರ ನೋಡಿ ಎದ್ದು ಬಂದಳು. ಬಗ್ಗಿ ಕಾಲು ಮುಟ್ಟಿ, ನಾನು ಖಾಲಿ ಮಾಡಿದ ಜಾಗದಲ್ಲಿ ಕುಂತು, ಸೆರಗು ಬಾಯಿಗೆ ಹಿಡಿದು ಏನೋ ಕೇಳತೊಡಗಿದಳು. ದೊಡ್ಡತ್ತಿ ನನ್ನ ಕಡೆ ಒಮ್ಮೆ ನೋಡಿ, ಅವಳ ಕಡೆ ತಿರುಗಿದಳು.